ಸಿ ಡ್ರೈವ್ ಮತ್ತೆ ಮತ್ತೆ ತುಂಬುತ್ತಿದೆ, ಎಷ್ಟು ಡಿಲೀಟ್ ಮಾಡಿದರೂ ಜಾಗ ನಿಲ್ಲುತ್ತಿಲ್ಲ

ತತ್ವಪದ_ಕಲಬುರಗಿ:
ಮೂರು ದಿನದಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ಸಾಕಾಗಿ ಹೋಗಿದೆ. ವಿಂಡೋಸ್ 11, ಸಿ ಡ್ರೈವ್ 256 ಜಿಬಿ ಎಸ್‌ಎಸ್‌ಡಿ. ಉಳಿದಿರುವುದು ಬರೀ 2 ಜಿಬಿ. ಮನೆಯ ಫೋಟೊ ಎಲ್ಲ ಡಿ ಡ್ರೈವ್‌ಗೆ ಹಾಕಿದೆ. ರೀಸೈಕಲ್ ಬಿನ್, ಟೆಂಪ್ ಫೋಲ್ಡರ್ ಎರಡೂ ಖಾಲಿ. ನಿನ್ನೆ ರಾತ್ರಿ 9 ಜಿಬಿ ಖಾಲಿ ಮಾಡಿದೆ, ಇವತ್ತು ಸಂಜೆಗೆ ಮತ್ತೆ ತುಂಬಿದೆ. ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ಕೇಳಿದರೆ ಹೊಸ ಡಿಸ್ಕ್ ತಗೊಳ್ಳಿ ಅಂದರು. ಜಾಗ ತಿನ್ನುತ್ತಿರುವುದು ಯಾವುದು ಅಂತ ಗೊತ್ತಾಗದೆ ಹೊಸದಕ್ಕೆ ಯಾಕೆ ದುಡ್ಡು ಹಾಕಲಿ?

ಬೀದರ್_ಕೋಟೆ:
ಹೈಬರ್ನೇಶನ್ ಫೈಲ್ ಅಣ್ಣಾ, ಬೇರೆ ಏನೂ ಅಲ್ಲ. ಕಂಪ್ಯೂಟರ್ ಮಲಗಿಸುವಾಗ ತೆರೆದಿದ್ದ ಕೆಲಸವನ್ನು ಡಿಸ್ಕ್ ಮೇಲೆ ಬರೆದಿಡುವ ಫೈಲ್ ಅದು. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು 'ಪವರ್‌ಸಿಎಫ್‌ಜಿ /ಎಚ್ ಆಫ್' ಹೊಡೆಯಿರಿ.

ಯಾದಗಿರಿ_ಮಾಸ್ತರ:
ರ‍್ಯಾಮ್ ಎಷ್ಟಿದೆ? ಆ ಫೈಲ್ ಸಾಮಾನ್ಯವಾಗಿ ರ‍್ಯಾಮಿನ 40% ಇರುತ್ತದೆ. 8 ಜಿಬಿಗೆ 3 ಜಿಬಿ ಚಿಲ್ಲರೆ. ಅದು ದಿನಾ ಬೆಳೆಯುವ ಫೈಲೂ ಅಲ್ಲ.

ತತ್ವಪದ_ಕಲಬುರಗಿ:
ಹೊಡೆದೆ. 3 ಜಿಬಿ ಬಂತು, ಎರಡು ತಾಸಿನಲ್ಲಿ ಅದೂ ಹೋಯಿತು. ಇನ್ನೊಂದು ವಿಷಯ, 256 ಅಂತ ಕೊಟ್ಟು 238 ತೋರಿಸುತ್ತಿದೆ. ಇದು ಮೋಸ ಅಲ್ವಾ?

ಬೀದರ್_ಕೋಟೆ:
ಮೋಸವೇ. ಎಲ್ಲರೂ ಸುಮ್ನೆ ಇದ್ದೇವೆ, ಅದಕ್ಕೇ ನಡೆಯುತ್ತಿದೆ.

ಯಾದಗಿರಿ_ಮಾಸ್ತರ:
ಮೋಸ ಅಲ್ರೀ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಡಿಸ್ಕ್ ಅದೇ, ಅಳೆಯುವ ಸೇರು ಬೇರೆ.

ಬೀದರ್_ಕೋಟೆ:
ಗಿರಾಕಿಗೆ ಆ ಲೆಕ್ಕ ಯಾಕೆ? ಡಬ್ಬಿಯ ಮೇಲೆ ಬರೆದಷ್ಟು ಕಾಣಬೇಕು. ಇರಲಿ, ಹೈಬರ್ನೇಟ್ ನಿಜವಾಗಿ ಆಫ್ ಆಗಿದೆಯಾ, ಮತ್ತೊಮ್ಮೆ ನೋಡಿ.

ಕಲ್ಯಾಣ_ಸರ್ವರ್:
ನಾನು ಬಸವಕಲ್ಯಾಣದ ಮನೆಯಲ್ಲಿ 4 ಟಿಬಿ ಡಿಸ್ಕ್ ಎರಡು ಹಾಕಿ ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಕಟ್ಟಿದ್ದೇನೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರುತ್ತದೆ. ಕರೆಂಟ್ ಹೋದರೂ ಯುಪಿಎಸ್ ಇದೆ. ಫೋಟೊ ಬೇಕಾದರೆ ಹಾಕುತ್ತೇನೆ.

ಯಾದಗಿರಿ_ಮಾಸ್ತರ:
ಅದು ಬೇರೆ ವಿಷಯ. ತತ್ವಪದ ಅವರೇ, ವಿಜ್‌ಟ್ರೀ ಅನ್ನುವ ಸಾಫ್ಟ್‌ವೇರ್ ಹಾಕಿ ಸಿ ಡ್ರೈವ್ ಸ್ಕ್ಯಾನ್ ಮಾಡಿ. ಯಾವ ಫೋಲ್ಡರ್ ದೊಡ್ಡದು ಅಂತ ಸಾಲಾಗಿ ತೋರಿಸುತ್ತದೆ. ವಿನ್‌ಎಸ್‌ಎಕ್ಸ್‌ಎಸ್ (ವಿಂಡೋಸ್ ತನ್ನ ಸಿಸ್ಟಮ್ ಫೈಲ್ ಇಡುವ ಫೋಲ್ಡರ್) ದೊಡ್ಡದಾಗಿ ಕಂಡರೆ ಕೈಯಿಂದ ಅಳಿಸಬೇಡಿ, ವಿಂಡೋಸ್ ಕೆಡುತ್ತದೆ. ಈ ವಾರ ಕಂಪ್ಯೂಟರಿನಲ್ಲಿ ಏನು ಕೆಲಸ ಮಾಡಿದಿರಿ?

ತತ್ವಪದ_ಕಲಬುರಗಿ:
ಏನೂ ಇಲ್ಲ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳನ್ನು ನಮ್ಮ ಅಜ್ಜ ಹಾಡಿದ ವಿಡಿಯೊ ಎಡಿಟ್ ಮಾಡುತ್ತಿದ್ದೇನೆ. ಆದರೆ ಆ ವಿಡಿಯೊ ಎಲ್ಲ ಡಿ ಡ್ರೈವ್‌ನಲ್ಲಿವೆ, ಸಿ ಗೂ ಅದಕ್ಕೂ ಸಂಬಂಧ ಇಲ್ಲ.

ಯಾದಗಿರಿ_ಮಾಸ್ತರ:
ಇದನ್ನು ಮೊದಲೇ ಹೇಳಬೇಕಿತ್ತು! ವಿಡಿಯೊ ಡಿ ಯಲ್ಲಿದ್ದರೂ ಎಡಿಟಿಂಗ್ ಸಾಫ್ಟ್‌ವೇರ್ ತನ್ನ ಕ್ಯಾಶ್ ಅನ್ನು, ಅಂದರೆ ತಾತ್ಕಾಲಿಕ ಫೈಲ್‌ಗಳನ್ನು, ಸಾಮಾನ್ಯವಾಗಿ ಸಿ ಯಲ್ಲಿ ಬರೆಯುತ್ತದೆ. ಟೈಮ್‌ಲೈನ್ ತಡೆಯದೆ ಓಡಲಿ ಅಂತ ಧ್ವನಿಗೆ, ಪ್ರಿವ್ಯೂಗೆ ಬೇರೆ ಫೈಲ್ ಮಾಡಿಟ್ಟುಕೊಳ್ಳುತ್ತದೆ. ಅದು ಇರುವುದು ನಿಮ್ಮ ಯೂಸರ್ ಫೋಲ್ಡರಿನ ಆ್ಯಪ್‌ಡೇಟಾ ಒಳಗೆ. ಆ್ಯಪ್‌ಡೇಟಾ ಹಿಡನ್ ಫೋಲ್ಡರ್, ಅದಕ್ಕೇ ನಿಮಗೆ ಕಂಡಿಲ್ಲ. ಪ್ರಾಜೆಕ್ಟ್ ಮುಚ್ಚಿ, ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶ್ ಅಳಿಸಿ. ಮೂಲ ವಿಡಿಯೊಗೆ ಏನೂ ಆಗುವುದಿಲ್ಲ. ಮತ್ತೆ ತೆರೆದಾಗ ಕ್ಯಾಶ್ ಹೊಸದಾಗಿ ಹುಟ್ಟುತ್ತದೆ, ಮೊದಲ ಸಲ ನಿಧಾನ ಅಷ್ಟೇ. ಅಲ್ಲೇ ಕ್ಯಾಶ್ ಜಾಗವನ್ನು ಡಿ ಗೆ ಬದಲಿಸಿ.

ಬೀದರ್_ಕೋಟೆ:
ಡಿ ಹಾರ್ಡ್ ಡಿಸ್ಕ್ ಆಗಿದ್ದರೆ ಎಡಿಟಿಂಗ್ ಜಗ್ಗುತ್ತದೆ. ಕ್ಯಾಶ್ ಎಸ್‌ಎಸ್‌ಡಿಯಲ್ಲೇ ಇರಬೇಕು.

ಯಾದಗಿರಿ_ಮಾಸ್ತರ:
ಇದು ನಿಜ. ಹಾಗಾದರೆ ಸಿ ಯಲ್ಲೇ ಬಿಡಿ, ಆದರೆ ಒಂದೊಂದು ಹಾಡು ಮುಗಿದ ಮೇಲೆ ಅಳಿಸಿ.

ತತ್ವಪದ_ಕಲಬುರಗಿ:
61 ಜಿಬಿ ಇತ್ತು! ಅಳಿಸಿದೆ. ಎಲ್ಲ ಹಾಡು ಸರಿಯಾಗಿ ತೆರೆಯುತ್ತಿವೆ. ಮಾಸ್ತರೇ, ಕೈ ಮುಗಿದೆ. ಕ್ಯಾಶ್ ಸಿ ಯಲ್ಲೇ ಬಿಟ್ಟಿದ್ದೇನೆ.

ಕಲ್ಯಾಣ_ಸರ್ವರ್:
ಅಜ್ಜನ ಹಾಡು ಡಿ ಡ್ರೈವ್ ಒಂದರಲ್ಲೇ ಇವೆಯಾ? ಇನ್ನೊಂದು ಪ್ರತಿ ಇಲ್ಲದೆ ಬಿಡಬೇಡಿ. ಜಾಗ ಇನ್ನೊಮ್ಮೆ ಸಿಗುತ್ತದೆ, ಆ ಧ್ವನಿ ಸಿಗುವುದಿಲ್ಲ.

ತತ್ವಪದ_ಕಲಬುರಗಿ:
ಒಂದರಲ್ಲೇ ಇವೆ. ಇವತ್ತೇ ಪೆನ್‌ಡ್ರೈವ್‌ಗೆ ಹಾಕುತ್ತಿದ್ದೇನೆ. ತಿಂಗಳ ಸಂಬಳ ಬಂದ ಮೇಲೆ ಎಕ್ಸ್‌ಟರ್ನಲ್ ಡಿಸ್ಕ್ ತರುತ್ತೇನೆ.

ಬೀದರ್_ಕೋಟೆ:
ಅಜ್ಜ ಏಕತಾರಿ ಹಿಡಿದು ಹಾಡಿದ್ದಾರಾ? ರೆಕಾರ್ಡ್ ಮಾಡಲು ಯಾವ ಮೈಕ್ ಇಟ್ಟಿದ್ದಿರಿ ಅಣ್ಣಾ? ನಮ್ಮೂರ ಭಜನೆಯದೂ ಮಾಡಬೇಕು.