ವಾಲ್ವ್‌ಮನ್ ಮನೆಗೆ 200 ರೂಪಾಯಿ ಕೇಳುತ್ತಾನೆ, ದೂರು ಕೊಡೋದು ಎಲ್ಲಿ?

ಪ್ರಶ್ನೆ: ಸರ್, ನಮ್ಮ ಬೀದಿ ಬಡಾವಣೆಯ ದಿಬ್ಬದ ಮೇಲಿದೆ. ಮೂರು ದಿನಕ್ಕೊಮ್ಮೆ ನೀರು. ವಾಲ್ವ್‌ಮನ್ ತಿಂಗಳಿಗೆ ಮನೆಗೆ 200 ರೂಪಾಯಿ ಕೇಳುತ್ತಾನೆ. ಕೊಟ್ಟ ಬೀದಿಯವರಿಗೆ ಎರಡು ಗಂಟೆ ನೀರು. ನಮ್ಮ ಸಂಪು ಕಾಲು ಭಾಗವೂ ತುಂಬಿರಲ್ಲ, ಅಷ್ಟರಲ್ಲಿ ಬಂದ್. ಪಕ್ಕದ ಮನೆಯವರಿಗೆ ಹೊಸ ನಲ್ಲಿ ಕನೆಕ್ಷನ್‌ಗೆ ರಸೀದಿ ಇಲ್ಲದೆ 6,000 ಕೇಳಿದ್ದಾರೆ. ಏನು ಮಾಡೋದು?

ಉತ್ತರ (ನಿವೃತ್ತ ನೀರು ಸರಬರಾಜು ಎಂಜಿನಿಯರ್): ನಿಮ್ಮದು ದಿಬ್ಬ ಅಂದ್ರಲ್ಲ, ಆಟ ಇರೋದೇ ಅಲ್ಲಿ. ವಾಲ್ವ್ ಪೂರ್ತಿ ತೆಗೆಯದೆ ಅರ್ಧಕ್ಕೇ ಬಿಟ್ಟರೆ ತಗ್ಗಿನ ಮನೆಗಳಿಗೆ ನೀರು ಸಿಗುತ್ತೆ, ಮೇಲಕ್ಕೆ ಪ್ರೆಷರ್ ಏರೋದೇ ಇಲ್ಲ. ಕೇಳಿದರೆ "ಬಿಟ್ಟಿದ್ದೀನಲ್ಲಾ ಸರ್" ಅಂತಾನೆ. ಸುಳ್ಳೂ ಅಲ್ಲ!

ಅವನ ಜೊತೆ ಜಗಳಕ್ಕೆ ಇಳಿಯಬೇಡಿ. ಎಷ್ಟೋ ಕಡೆ ಈ ಕೆಲಸದವರು ಗುತ್ತಿಗೆಯವರು, ಸಂಬಳವೇ ಸರಿಯಾಗಿ ಬಂದಿರಲ್ಲ. ಹಾಗಂತ ಅವನು ಮಾಡೋದು ಸರಿ ಅಂತಲ್ಲ. ಆದರೆ ಯಾವ ಬೀದಿಗೆ ಎಷ್ಟು ಹೊತ್ತು ನೀರು ಅಂತ ಬರೆದಿಡದೆ ಅವನ ಕೈಗೇ ಬಿಟ್ಟವರು ಮೇಲಿದ್ದಾರೆ. ಹಿಡಿಯಬೇಕಾದ್ದು ಅವರನ್ನ.

ಅದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕತೆ ಬರೆಯಬೇಡಿ. ನಿಮ್ಮ ಬಡಾವಣೆಯ ನೀರು ಬಿಡುವ ವೇಳಾಪಟ್ಟಿ, ಕಳೆದ ತಿಂಗಳ ಪಂಪ್‌ಹೌಸ್ ಲಾಗ್‌ಬುಕ್ ಪ್ರತಿ ಕೇಳಿ, ಸಾಕು. ಬೀದಿಯವರು ನೀರು ಬಂದ ಹೊತ್ತು, ನಿಂತ ಹೊತ್ತು ಬರೆದಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ.

ಪಕ್ಕದ ಮನೆಯವರು ಕನೆಕ್ಷನ್‌ಗೆ ಕಟ್ಟಬೇಕಾದ ಮೊತ್ತವನ್ನ ಬರವಣಿಗೆಯಲ್ಲಿ ಕೊಡಿ ಅಂತ ಕೇಳಲಿ. ಬಾಯಿಮಾತಿನ 6,000 ಕಾಗದದ ಮೇಲೆ ಬರಲ್ಲ.

ಇನ್ನೊಬ್ಬರು: ಸರ್, ನಾವು ನಿನ್ನೆ ಕೊಟ್ಟೇಬಿಟ್ಟಿದ್ದೀವಿ. ಕೊಟ್ಟವರ ಮೇಲೂ ಕೇಸ್ ಆಗುತ್ತೆ ಅಂತಾರೆ, ನಿಜಾನಾ?

ಉತ್ತರ: ನಿಜ. ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. 2018ರ ತಿದ್ದುಪಡಿಯಿಂದ ಲಂಚ ಕೊಡೋದೂ ನೇರ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರಿಗೆ ಇದು ಅನ್ವಯಿಸಲ್ಲ. ನೀವು ನಿನ್ನೆ ಕೊಟ್ಟಿದ್ದು ಅಲ್ವಾ? ಈ ವಾರವೇ ಹೋಗಿ.

ಪಕ್ಕದ ಮನೆಯವರು ಇನ್ನೂ ಕೊಟ್ಟಿಲ್ಲದಿದ್ದರೆ ಇನ್ನೂ ಒಳ್ಳೇದು. ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಲಿ. ನೋಟಿಗೆ ಫಿನಾಫ್ಥಲೀನ್ ಪುಡಿ ಸವರಿ ಕೊಡಿಸುತ್ತಾರೆ. ಮುಟ್ಟಿದವನ ಬೆರಳನ್ನ ಸೋಡಾ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಕಚೇರಿ ಹುಡುಕಬೇಡಿ, 2022ರಲ್ಲೇ ಹೈಕೋರ್ಟ್ ಅದನ್ನ ರದ್ದು ಮಾಡಿದೆ. ಹಣ ಕೇಳಿದ ಫೋನ್ ರೆಕಾರ್ಡಿಂಗ್ ಇದ್ದರೆ ಅಳಿಸಬೇಡಿ. ಅದನ್ನ ಗ್ರೂಪಿಗೂ ಹಾಕಬೇಡಿ.