ಸಹಾಯ ಬೇಕು: ಮಕ್ಕಳಿಗೆ ಮುಜುಗರ ಆಗದ ಹಾಗೆ ಮಧ್ಯಾಹ್ನದ ಊಟ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ನನ್ನ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನ ಬೆಲ್ ಆದ ಕೂಡಲೇ ಲೈಬ್ರರಿಗೆ ಹೋಗುತ್ತಾಳೆ. ಓದುವುದಕ್ಕಲ್ಲ. ಬುತ್ತಿ ತಂದಿಲ್ಲ ಅಂತ ಗೆಳತಿಯರಿಗೆ ಗೊತ್ತಾಗಬಾರದು, ಅಷ್ಟೇ. ಪುಸ್ತಕ ತೆರೆದಿಟ್ಟು ಬಾಟಲಿ ನೀರು ಕುಡಿಯುತ್ತಾ ಕೂರುತ್ತಾಳೆ. ಅಮ್ಮ ಬೀಡಿ ಕಟ್ಟುತ್ತಾರೆ. ಅವರ ಊರಿಗೆ ಓಡುವುದೆಲ್ಲ ಖಾಸಗಿ ಬಸ್. ಶಕ್ತಿ ಯೋಜನೆಯ ಉಚಿತ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಊಟದ ದುಡ್ಡು ಬಸ್ಸಿಗೇ ಹೋಗುತ್ತದೆ. ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ನೆರವಿಗೆ ಅರ್ಜಿ ಹಾಕಿಸಿದ್ದೇವೆ. ಆದರೆ ದುಡ್ಡು ಖಾತೆಗೆ ಬರುವವರೆಗೆ ಹೊಟ್ಟೆ ಕಾಯುತ್ತಾ ಅಲ್ವಾ?

ಇಂಥ ಮಕ್ಕಳು ಇನ್ನೂ ಇದ್ದಾರೆ. ಊಟಕ್ಕೆ ನೆರವು ಕೊಡಲು ನಾವು ಕೆಲವು ಅಧ್ಯಾಪಕರು ಸಿದ್ಧ. ಯಾರಿಗೆ ಬೇಕು ಅಂತ ತಿಳಿಯುವುದೇ ಕಷ್ಟ. ಹೆಸರು ಬರೆದು ನೋಟಿಸ್ ಬೋರ್ಡಿಗೆ ಹಾಕೋಣ ಅನ್ನುವ ಮಾತು ಬಂತು. ಬೇಡವೇ ಬೇಡ ಅಂದೆ. ದುಡ್ಡು ಕೊಟ್ಟವರಿಗೂ ಕೊಡದವರಿಗೂ ಒಂದೇ ಥರದ ಕೂಪನ್ ಕೊಟ್ಟರೆ ಹೇಗೆ? ಯಾರಾದರೂ ಮಾಡಿ ನೋಡಿದ್ದೀರಾ? ಲೆಕ್ಕ ಹೇಗಿಡುತ್ತೀರಿ?

ಇನ್ನೊಂದು ವಿಷಯ. 100 ಅಥವಾ ಜಾಸ್ತಿ ವಿದ್ಯಾರ್ಥಿಗಳಿದ್ದರೆ ಅರ್ಹ ಆಪ್ತಸಮಾಲೋಚಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಮ್ಮಲ್ಲಿ ಸಮಾಲೋಚನೆಯ ಕೋಣೆ ಪ್ರಿನ್ಸಿಪಾಲರ ಚೇಂಬರಿನ ಎದುರಿಗೇ ಇದೆ. ಅಲ್ಲಿಗೆ ಯಾವ ಮಗು ಹೋಗುತ್ತದೆ? ಸದ್ಯಕ್ಕೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಎಲ್ಲ ತರಗತಿಗಳಲ್ಲೂ ಬರೆಸಿದ್ದೇನೆ.

ಮಂಗಳೂರು, ಉಡುಪಿ, ಕುಂದಾಪುರ ಕಡೆಯ ಕಾಲೇಜಿನವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಮಕ್ಕಳ ಹೆಸರು ಮಾತ್ರ ಹಾಕಬೇಡಿ.