ಸಂವಿಧಾನ ಮೊದಲೋ, ಸರ್ಕಾರ ಮೊದಲೋ?

ಜಮಖಂಡಿ ಮಾಸ್ತರ (ಪ್ರಶ್ನೆ)

ಜಮಖಂಡಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಹಾಗೆಯೇ ಇಲ್ಲಿ ಇಡುತ್ತಿದ್ದೇನೆ. ಸರ್ಕಾರಕ್ಕೆ ಅಧಿಕಾರ ಬರುವುದು ಸಂವಿಧಾನದಿಂದ. ಆದರೆ ಸಂವಿಧಾನ ಬರೆಯುವವರನ್ನು ಒಂದೆಡೆ ಸೇರಿಸಲು, ಅವರ ಖರ್ಚುವೆಚ್ಚ ನೋಡಿಕೊಳ್ಳಲು, ಅವರು ಬರೆದದ್ದನ್ನು ಜಾರಿಗೆ ತರಲು ಅದಕ್ಕೂ ಮೊದಲೇ ಒಂದು ಸರ್ಕಾರ ಇರಬೇಕಲ್ಲವೇ? ಹಾಗಿದ್ದರೆ ಆ ಮೊದಲ ಸರ್ಕಾರಕ್ಕೆ ಅಧಿಕಾರ ಕೊಟ್ಟವರು ಯಾರು? 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗಿನ ಕಾಲವನ್ನು ನಮ್ಮ ಪಾಠಗಳು ಒಂದೇ ಜಿಗಿತದಲ್ಲಿ ದಾಟಿಬಿಡುತ್ತವೆ.

ನನ್ನದೂ ಒಂದು ಸಂದೇಹವಿದೆ. ಜಮಖಂಡಿ, ಮುಧೋಳ, ರಾಮದುರ್ಗಗಳು ಆಗ ಬ್ರಿಟಿಷ್ ಪ್ರಾಂತ್ಯಕ್ಕೆ ಸೇರಿರಲಿಲ್ಲ, ಸಂಸ್ಥಾನಗಳಾಗಿದ್ದವು. ಈ ಭಾಗದ ಪ್ರಜೆಗಳ ಪರವಾಗಿ ಸಂವಿಧಾನ ರಚನಾ ಸಭೆಯಲ್ಲಿ ಕುಳಿತವರು ಯಾರು?

ಬೆಳಗಾವಿ ವಕೀಲ

ನಿಮ್ಮ ವಿದ್ಯಾರ್ಥಿನಿ ಕೇಳಿರುವುದು ಬೀಜ-ವೃಕ್ಷದ ಪ್ರಶ್ನೆ, ಮತ್ತು ಅದಕ್ಕೆ ಕಾನೂನು ಕೊಡುವ ಉತ್ತರ ಸ್ವಲ್ಪ ಮುಜುಗರದ್ದು: ಹೊಸ ರಾಷ್ಟ್ರ ತನ್ನ ಮೊದಲ ಹೆಜ್ಜೆಯನ್ನು ಹಳೆಯ ಕಾನೂನಿನ ಮೇಲೆಯೇ ಇಡುತ್ತದೆ.

ಸಂವಿಧಾನ ರಚನಾ ಸಭೆ ಹುಟ್ಟಿದ್ದು 1946ರಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ಕ್ಯಾಬಿನೆಟ್ ನಿಯೋಗದ ಯೋಜನೆಯಿಂದ. ಪ್ರಾಂತ್ಯಗಳ ಶಾಸನಸಭೆಗಳ ಸದಸ್ಯರು ಅದರ ಸದಸ್ಯರನ್ನು ಆರಿಸಿದರು. ಅದೇ ವರ್ಷದ ಸೆಪ್ಟೆಂಬರ್ 2ರಂದು ನೆಹರೂ ಮುಂದಾಳತ್ವದ ಮಧ್ಯಂತರ ಸರ್ಕಾರ ಅಧಿಕಾರಕ್ಕೆ ಬಂತು, ಡಿಸೆಂಬರ್ 9ರಂದು ಸಭೆ ಮೊದಲ ಬಾರಿಗೆ ಸೇರಿತು. ಅಂದರೆ ಸಂವಿಧಾನದ ಮೊದಲ ಸಾಲು ಬರೆಯುವ ಮುನ್ನವೇ ಸರ್ಕಾರವಿತ್ತು, ಆದರೆ ಅದು ವೈಸರಾಯ್ ಅಧ್ಯಕ್ಷತೆಯ ಕಾರ್ಯಕಾರಿ ಮಂಡಳಿಯ ರೂಪದಲ್ಲಿತ್ತು. ಮುಂದೆ 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯ 8ನೇ ಕಲಮು ಎರಡು ಕೆಲಸ ಮಾಡಿತು: ದೇಶದ ಶಾಸಕಾಂಗದ ಅಧಿಕಾರವನ್ನು ಸಂವಿಧಾನ ರಚನಾ ಸಭೆಗೇ ಒಪ್ಪಿಸಿತು, ಬೇರೆ ಏರ್ಪಾಡು ಆಗುವವರೆಗೆ 1935ರ ಭಾರತ ಸರ್ಕಾರ ಕಾಯ್ದೆಯನ್ನೇ ಅಗತ್ಯ ಮಾರ್ಪಾಡುಗಳೊಂದಿಗೆ ಮುಂದುವರಿಸಿತು. ನಿಮ್ಮ ಪಾಠ ಜಿಗಿದು ದಾಟುವ ಆ ಎರಡೂವರೆ ವರ್ಷ ದೇಶ ನಡೆದದ್ದು ಈ ಕಾಯ್ದೆಯಡಿ.

ಹೀಗಾಗಿ ಒಂದೇ ಸಭೆಗೆ ಎರಡು ಪಾತ್ರಗಳಿದ್ದವು. ಸಂವಿಧಾನ ಬರೆಯಲು ಕುಳಿತಾಗ ಪೀಠದಲ್ಲಿ ಡಾ. ರಾಜೇಂದ್ರ ಪ್ರಸಾದ್ ಇರುತ್ತಿದ್ದರು. ಬಜೆಟ್ಟು, ಮಸೂದೆಗಳಿಗಾಗಿ ಶಾಸನಸಭೆಯಾಗಿ ಕುಳಿತಾಗ, 1947ರ ನವೆಂಬರ್‌ನಿಂದ, ಅದೇ ಸದಸ್ಯರಿಗೆ ಸ್ಪೀಕರ್ ಜಿ.ವಿ. ಮಾವಳಂಕರ್. ಸಭೆಯ ಸಾಂವಿಧಾನಿಕ ಸಲಹೆಗಾರ ಬಿ.ಎನ್. ರಾವ್ ಸಿದ್ಧಪಡಿಸಿದ ಮೊದಲ ಕರಡನ್ನು 1947ರ ಆಗಸ್ಟ್ 29ರಂದು ನೇಮಕವಾದ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ತಿದ್ದಿ ಬೆಳೆಸಿ, 1948ರ ಫೆಬ್ರವರಿಯಲ್ಲಿ 315 ವಿಧಿಗಳ ಕರಡಾಗಿ ಜನರ ಮುಂದಿಟ್ಟಿತು. ಅಂಗೀಕಾರವಾಗುವ ಹೊತ್ತಿಗೆ ವಿಧಿಗಳು 395 ಆಗಿದ್ದವು.

ಆದರೆ ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿನಿಯ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಪೀಠಿಕೆಯಲ್ಲೂ ಅಲ್ಲ, ಮೂಲಭೂತ ಹಕ್ಕುಗಳಲ್ಲೂ ಅಲ್ಲ; ಯಾರೂ ತೆರೆದು ನೋಡದ ಕೊನೆಯ ಪುಟಗಳಲ್ಲಿ. 394ನೇ ವಿಧಿಯನ್ನು ಅವಳಿಗೆ ಓದಿ ತೋರಿಸಿ. ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬರುತ್ತದೆ, ಆದರೆ ಕೆಲವು ವಿಧಿಗಳು 1949ರ ನವೆಂಬರ್ 26ರಂದೇ, ಆ ಕ್ಷಣದಿಂದಲೇ ಜಾರಿಗೆ ಬರುತ್ತವೆ ಎಂದು ಅದು ಹೇಳುತ್ತದೆ. ಅವುಗಳಲ್ಲಿ ಮುಖ್ಯವಾದವು ಯಾವುವು? ನಾಗರಿಕ ಯಾರು ಎಂದು ಹೇಳುವ 5ರಿಂದ 9ರವರೆಗಿನ ವಿಧಿಗಳು, ರಾಷ್ಟ್ರಪತಿಯ ಪ್ರಮಾಣವಚನದ 60ನೇ ವಿಧಿ, ಚುನಾವಣಾ ಆಯೋಗದ 324ನೇ ವಿಧಿ, ತಾತ್ಕಾಲಿಕ ಸಂಸತ್ತು ಮತ್ತು ಮೊದಲ ರಾಷ್ಟ್ರಪತಿಯ ಆಯ್ಕೆಗೆ ಸಂಬಂಧಿಸಿದ 379 ಮತ್ತು 380. ಮನೆ ಪ್ರವೇಶಕ್ಕೆ ಎರಡು ತಿಂಗಳು ಮೊದಲೇ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಗೊತ್ತುಮಾಡಿಕೊಂಡಂತೆ. ಹಳೆಯ ಮಂತ್ರಿಗಳು ಹೊಸ ನೇಮಕದವರೆಗೆ ಮುಂದುವರಿಯಲು 381 ಅವಕಾಶ ಕೊಟ್ಟಿತು. ಕಡೆಯ ವಿಧಿಯಾದ 395, ಸ್ವಾತಂತ್ರ್ಯ ಕಾಯ್ದೆಯನ್ನೂ 1935ರ ಕಾಯ್ದೆಯನ್ನೂ ರದ್ದುಪಡಿಸಿತು. ಯಾವ ಬ್ರಿಟಿಷ್ ಕಾನೂನಿನ ಬಲದಿಂದ ಸಭೆ ಶಾಸನಾಧಿಕಾರ ಪಡೆದಿತ್ತೋ ಆ ಕಾನೂನನ್ನೇ ಅದು ತೆಗೆದುಹಾಕಿತು.

ಗುಮ್ಮಟದ ನೆರಳು, ವಿಜಯಪುರ

ಸಂಸ್ಥಾನಗಳ ವಿಚಾರಕ್ಕೆ ಉತ್ತರಿಸುತ್ತೇನೆ. ಸಭೆಯಲ್ಲಿ ಸಂಸ್ಥಾನಗಳಿಗೆ 93 ಸ್ಥಾನಗಳನ್ನು ಇಡಲಾಗಿತ್ತು; ಕನಿಷ್ಠ ಅರ್ಧದಷ್ಟಾದರೂ ಪ್ರತಿನಿಧಿಗಳು ಚುನಾಯಿತರಾಗಿರಬೇಕೆಂದು ರಾಜರೊಂದಿಗೆ ಒಪ್ಪಂದವಾಗಿತ್ತು. ಮುಂಬಯಿ ಭಾಗದ ಸಂಸ್ಥಾನಗಳ ಸದಸ್ಯರ ಪಟ್ಟಿಯಲ್ಲಿ ಬಿ.ಎನ್. ಮುನವಳ್ಳಿ ಮತ್ತು ರತ್ನಪ್ಪ ಕುಂಭಾರ ಅವರ ಹೆಸರುಗಳಿವೆ. ಬೆಳಗಾವಿ, ವಿಜಯಪುರಗಳು ನೇರವಾಗಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆ ಪ್ರಾಂತ್ಯದ ಸದಸ್ಯರಲ್ಲಿ ಎಸ್. ನಿಜಲಿಂಗಪ್ಪ ಮತ್ತು ಆರ್.ಆರ್. ದಿವಾಕರ ಇದ್ದರು. 1948ರಲ್ಲಿ ಜಮಖಂಡಿ, ಮುಧೋಳ, ರಾಮದುರ್ಗಗಳು ಮುಂಬಯಿಯಲ್ಲಿ ವಿಲೀನವಾದವು.

ಇನ್ನೊಂದನ್ನು ನಮ್ಮ ಜಿಲ್ಲೆಯವರೇ ಮರೆತಿದ್ದಾರೆ. ಇಲ್ಲಿನ ಗುಣದಾಳ ಭಾಗ ದೂರದ ಸಾತಾರಾ ಕಡೆಯ ಔಂಧ್ ಸಂಸ್ಥಾನಕ್ಕೆ ಸೇರಿತ್ತು. ಔಂಧದ ರಾಜ ಭವಾನರಾವ್ ಪಂತ ಪ್ರತಿನಿಧಿ 1939ರಲ್ಲಿ, ಗಾಂಧೀಜಿಯವರ ಸಲಹೆ ಪಡೆದು, ಗ್ರಾಮ ಪಂಚಾಯತಿಗಳ ಮೇಲೆ ನಿಂತ ಒಂದು ಸಂವಿಧಾನವನ್ನು ತನ್ನ ಪ್ರಜೆಗಳಿಗೆ ಕೊಟ್ಟ. ದೇಶದ ಸಂವಿಧಾನಕ್ಕಿಂತ ಹತ್ತು ವರ್ಷ ಮೊದಲೇ ಗುಣದಾಳದವರು ಲಿಖಿತ ಸಂವಿಧಾನವೊಂದರ ಅಡಿಯಲ್ಲಿ ಬದುಕಿದ್ದರು.

ಬೇರೆ ದೇಶಗಳ ಕಡೆಗೂ ಒಮ್ಮೆ ನೋಡಿದರೆ, ಹಳೆಯದರಿಂದ ಹೊಸದಕ್ಕೆ ದಾಟುವ ಈ ಏರ್ಪಾಡು ಗಟ್ಟಿಯಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಪಾಕಿಸ್ತಾನವೇ ಸಾಕ್ಷಿ. ಅಲ್ಲಿಯೂ ಇದೇ 1935ರ ಕಾಯ್ದೆ, ಅದೇ ಸ್ವಾತಂತ್ರ್ಯ ಕಾಯ್ದೆ. ಆದರೆ 1954ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಗುಲಾಂ ಮೊಹಮ್ಮದ್ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. 1956ರಲ್ಲಿ ಬಂದ ಸಂವಿಧಾನ 1958ರಲ್ಲಿ ರದ್ದಾಯಿತು. ನೇಪಾಳದ 601 ಸದಸ್ಯರ ಸಭೆ ನಾಲ್ಕು ವರ್ಷ ಕುಳಿತೂ ಸಂವಿಧಾನವಿಲ್ಲದೆ 2012ರಲ್ಲಿ ಮುಗಿಯಿತು, ಎರಡನೆಯ ಸಭೆ 2015ರಲ್ಲಿ ಕೆಲಸ ಮುಗಿಸಿತು. ನಮೀಬಿಯಾದಲ್ಲಿ 1989ರ ನವೆಂಬರ್‌ನಲ್ಲಿ ಚುನಾವಣೆ, ಮರುವರ್ಷ ಫೆಬ್ರವರಿ 9ಕ್ಕೆ ಸಂವಿಧಾನ, ಮಾರ್ಚ್ 21ಕ್ಕೆ ಸ್ವಾತಂತ್ರ್ಯ. ಬರೆದ ಸಭೆಯೇ ಮೊದಲ ಸಂಸತ್ತಾಯಿತು. ಆದ್ದರಿಂದ ಎಷ್ಟು ತಿಂಗಳು ಹಿಡಿಯಿತು ಎಂಬ ಲೆಕ್ಕಕ್ಕಿಂತ, ದಾಟುವ ಏರ್ಪಾಡು ಎಷ್ಟು ಗಟ್ಟಿಯಿತ್ತು ಎಂಬುದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಘಟಪ್ರಭಾ ದಂಡೆ

ವಕೀಲರ ವಿವರಣೆ ಚೆನ್ನಾಗಿದೆ, ಆದರೆ ಎಲ್ಲವನ್ನೂ ವಿಧಿಗಳ ಸಂಖ್ಯೆಯಲ್ಲಿ ಮುಚ್ಚಿಟ್ಟಂತೆ ಕಾಣುತ್ತದೆ. ಆ ಸಭೆಯನ್ನು ಆರಿಸಿದ ಪ್ರಾಂತೀಯ ಸದಸ್ಯರನ್ನು ಆರಿಸಿದವರು ಯಾರು? 1935ರ ಕಾಯ್ದೆಯಡಿ ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗೆ ಮಾತ್ರ ಮತವಿತ್ತು. ನಮ್ಮ ಕಡೆಯ ಕೂಲಿಕಾರರಲ್ಲಿ, ನೇಕಾರರಲ್ಲಿ ಬಹುಪಾಲು ಜನರಿಗೆ ಅದರಲ್ಲಿ ಪಾಲೇ ಇರಲಿಲ್ಲ. ಹಾಗಿರುವಾಗ "ಭಾರತದ ಜನತೆಯಾದ ನಾವು" ಎಂದು ಬರೆಯುವ ಹಕ್ಕು ಎಲ್ಲಿಂದ ಬಂತು?

ಬೆಳಗಾವಿ ವಕೀಲ

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಇದರ ತೀಕ್ಷ್ಣ ರೂಪವೊಂದು ಸುಪ್ರೀಂ ಕೋರ್ಟಿಗೂ ಹೋಗಿತ್ತು. ಸಾರ್ವತ್ರಿಕ ಚುನಾವಣೆ ನಡೆಯುವ ಮೊದಲೇ, 1951ರ ಜೂನ್‌ನಲ್ಲಿ, ತಾತ್ಕಾಲಿಕ ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ವಾಕ್ ಸ್ವಾತಂತ್ರ್ಯದ ವಿಧಿಯನ್ನೂ ಮುಟ್ಟಿತು. ತಿದ್ದುಪಡಿಗೆ ಎರಡು ಸದನಗಳು ಬೇಕು, ಇಲ್ಲಿರುವುದು ಒಂದೇ ಎಂಬ ವಾದವನ್ನು ಶಂಕರಿ ಪ್ರಸಾದ್ ಪ್ರಕರಣದಲ್ಲಿ ಅಕ್ಟೋಬರ್ 5ರಂದು ನ್ಯಾಯಾಲಯ ಒಪ್ಪಲಿಲ್ಲ; 379ನೇ ವಿಧಿಯಡಿ ತಾತ್ಕಾಲಿಕ ಸಂಸತ್ತಿಗೆ ಆ ಅಧಿಕಾರವಿದೆ ಎಂದಿತು. ತೀರ್ಪು ಕಾನೂನಿನಲ್ಲಿ ಸರಿಯಿರಬಹುದು, ಆದರೆ ಮತದಾನ ಅದೇ ಅಕ್ಟೋಬರ್ 25ರಂದು ಆರಂಭವಾಗಲಿದ್ದಾಗ ತಿದ್ದುಪಡಿಗೆ ತಾತ್ಕಾಲಿಕ ಸಂಸತ್ತು ಕೆಲವು ತಿಂಗಳು ಕಾಯಬಹುದಿತ್ತು ಎಂದೇ ನನಗೆ ಅನಿಸುತ್ತದೆ.

ಆದರೂ ಆ ಸಭೆಯ ಪರವಾಗಿ ಒಂದು ಮಾತಿದೆ. ತನ್ನನ್ನು ಆರಿಸಿದ ಸೀಮಿತ ಮತಾಧಿಕಾರವನ್ನು ಅದು ಮುಂದಿನವರಿಗೆ ದಾಟಿಸಲಿಲ್ಲ. ಸಂವಿಧಾನ ಇನ್ನೂ ಕರಡಿನಲ್ಲಿರುವಾಗಲೇ, 1948ರಲ್ಲಿ, ವಯಸ್ಕರೆಲ್ಲರ ಮತದಾರರ ಪಟ್ಟಿ ತಯಾರಿಸುವ ಕೆಲಸವನ್ನು ಅದರ ಸಚಿವಾಲಯ ಆರಂಭಿಸಿತು. ಆ ಪಟ್ಟಿಯೂ ಸಲೀಸಾಗಿ ಆಗಲಿಲ್ಲ: ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು "ಇಂಥವರ ಹೆಂಡತಿ, ಇಂಥವರ ಮಗಳು" ಎಂದಷ್ಟೇ ಬರೆಸಿದರು, ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ನಮೂದುಗಳನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವಧಿಯಲ್ಲಿ ಕೈಬಿಡಬೇಕಾಯಿತು. ಹಾಗಿದ್ದೂ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಜನರೇ ಆರಿಸಿದ ಲೋಕಸಭೆ 1952ರ ಮೇ 13ರಂದು ಸೇರಿತು. ನಮ್ಮ ಜಿಲ್ಲೆಗಳು ಅದಕ್ಕೆ ಸದಸ್ಯರನ್ನು ಕಳಿಸಿದ್ದು ಮುಂಬಯಿ ರಾಜ್ಯದ ಭಾಗವಾಗಿ.

ಮಾಸ್ತರರೇ, ಈಗಿನ ಪ್ರತಿಯಲ್ಲಿ 379ರಿಂದ 391ರವರೆಗಿನ ವಿಧಿಗಳನ್ನು ಹುಡುಕಿದರೆ ವಿದ್ಯಾರ್ಥಿನಿಗೆ ಸಿಗುವುದಿಲ್ಲ. 1956ರ ಏಳನೇ ತಿದ್ದುಪಡಿ ಅವನ್ನು ತೆಗೆದುಹಾಕಿತು. ರಾಜ್ಯ ಪುನರ್ವಿಂಗಡಣೆಗೆ ಸಂವಿಧಾನದಲ್ಲಿ ಜಾಗ ಮಾಡಿಕೊಟ್ಟದ್ದೂ ಅದೇ ತಿದ್ದುಪಡಿ. ಆ ವರ್ಷದ ನವೆಂಬರ್ 1ರಂದು ವಿಜಯಪುರ ಜಿಲ್ಲೆ, ಮತ್ತು ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ, ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದವು.